ರತ್ನಮ್ಮನ ನಡುಮನೆಗೆ ಹಿಡಿದ ಚಿನ್ನದ ಬಣ್ಣ

ಕೊರೊನಾ ಕಾಟ ಮುಗಿದು ಮದುವೆ, ಗೃಹಪ್ರವೇಶಗಳು ಮತ್ತೆ ಜೋರು ಹಿಡಿದ ವರ್ಷ ಅದು. ನಾನು ರಾಮನಗರದಲ್ಲಿ ಸ್ವಂತ ಇಂಟೀರಿಯರ್ ಕಚೇರಿ ತೆರೆದು ಆಗಲೇ ಹತ್ತು ವರ್ಷ ದಾಟಿತ್ತು. ಅದಕ್ಕೂ ಮುಂಚೆ ಚನ್ನಪಟ್ಟಣದ ಒಂದು ಪೇಂಟ್ ಅಂಗಡಿಯಲ್ಲಿ ಕಲರ್ ಕನ್ಸಲ್ಟೆಂಟ್ ಆಗಿದ್ದೆ. ಅಂದರೆ ಅಂಗಡಿಗೆ ಬಂದವರ ಮುಂದೆ ಶೇಡ್ ಕಾರ್ಡ್ ಬಿಚ್ಚಿ, ಅವರ ಮನೆಯ ಗೋಡೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಹೇಳಿ, ಮಷೀನಿನಲ್ಲಿ ಅದನ್ನು ಕಲೆಸಿಕೊಡುವ ಕೆಲಸ. ಹುಟ್ಟಿ ಬೆಳೆದದ್ದು ಕುದೂರಿನ ಒಂದು ಬೇಸಾಯದ ಮನೆಯಲ್ಲಿ. ಕನಕಪುರದಿಂದ ಮಾಗಡಿಯವರೆಗೆ ನನ್ನ ಕೈ ಹರಿದಾಡಿದ ಮನೆಗಳು ಬಹಳ ಇವೆ. ಕೆಲಸದ ವಿಷಯದಲ್ಲಿ ನಾನು ವಿನಯವಂತೆ ಅಲ್ಲ. ಚೆನ್ನಾಗಿ ಮಾಡಿದ್ದನ್ನು ಚೆನ್ನಾಗಿ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಇದನ್ನೂ ಹಾಗೆಯೇ ಓದಿಕೊಳ್ಳಿ.

"ಗೋಲ್ಡ್ ಕಲರ್ ಬೇಕು ಮೇಡಂ" ಎಂದು ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಟಿವಿಯ ಹಿಂದೆ ಫಳಫಳ ಹೊಳೆಯುವ ಮೆಟಾಲಿಕ್ ಟೆಕ್ಸ್ಚರ್. ಹೊಡೆಸಿದ ಮೊದಲ ತಿಂಗಳು ಅದು ಸೀರೆ ಅಂಗಡಿಯ ಶೋಕೇಸ್ ಥರ ಮಿಂಚುತ್ತದೆ. ಆರು ತಿಂಗಳಲ್ಲಿ ಧೂಳು ಕೂತು, ಕೈ ಗುರುತು ಬಿದ್ದು, ಮನೆಯವರೇ ಅದರ ಕಡೆ ನೋಡುವುದನ್ನು ಬಿಡುತ್ತಾರೆ. ನಾನು ಹೇಳುತ್ತಿರುವ ಗಾಢ ಚಿನ್ನದ ಬಣ್ಣ, ಅಂಗಡಿಯವರು ಡೀಪ್ ಗೋಲ್ಡ್ ಎನ್ನುವುದು, ಅದಲ್ಲ. ಇದರಲ್ಲಿ ಹೊಳಪಿಲ್ಲ. ಹಳದಿಗೆ ಸ್ವಲ್ಪ ಕೆಂಪು, ಸ್ವಲ್ಪ ಕಂದು ಸೇರಿ ಗಟ್ಟಿಯಾದ ಬಣ್ಣ ಇದು. ಸರಿಯಾಗಿ ಕೂತರೆ ಕೋಣೆಗೆ ಒಂದು ಬೆಚ್ಚನೆಯ ಗಾಂಭೀರ್ಯ ಬರುತ್ತದೆ. ಸರಿಯಾಗಿ ಕೂರದಿದ್ದರೆ ಗೋಡೆಗೆ ಒಗ್ಗರಣೆ ಹಾಕಿದ ಹಾಗೆ ಕಾಣುತ್ತದೆ. ಒಳಾಂಗಣಕ್ಕೆ ಇದಕ್ಕಿಂತ ಕಷ್ಟದ ಬಣ್ಣ ನನಗೆ ಗೊತ್ತಿಲ್ಲ, ಇದಕ್ಕಿಂತ ಇಷ್ಟದ ಬಣ್ಣವೂ ಗೊತ್ತಿಲ್ಲ.

ತಿಪ್ಪಸಂದ್ರದ ಕಡೆಯ ಒಂದು ಹಳ್ಳಿಯಿಂದ ರತ್ನಮ್ಮ ಎಂಬುವರು ಮಗಳು ಪವಿತ್ರಾಳ ಜೊತೆ ನನ್ನ ಕಚೇರಿಗೆ ಬಂದರು. ಐವತ್ತು ದಾಟಿದ ಹೆಂಗಸು, ರೇಷ್ಮೆ ಹುಳು ಸಾಕಿ ಜೀವನ ಮಾಡಿದವರು. ನಾನು ಚಹಾ ತರಿಸಿ, ರೂಢಿಯಂತೆ ಶೇಡ್ ಕಾರ್ಡ್ ಮುಂದಿಟ್ಟೆ. ಅವರು ಅದನ್ನು ಮುಟ್ಟಲೇ ಇಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಎಳೆ ಕಚ್ಚಾ ರೇಷ್ಮೆ ತೆಗೆದು ಮೇಜಿನ ಮೇಲಿಟ್ಟರು. ಹಳದಿ ಗೂಡಿನಿಂದ ಬಿಚ್ಚಿದ ನೂಲು.

"ಅವ್ವ, ನಂಗೆ ಈ ಬಣ್ಣ ಬೇಕು. ಹಿಂಗೇ ಇರ್ಬೇಕು. ಮಿರಮಿರ ಅನ್ನಬಾರ್ದು."

ಪವಿತ್ರಾ ನನ್ನ ಕಡೆ ನೋಡಿ, "ಎಲ್ರೂ ಈಗ ಗ್ರೇ ಹೊಡಸ್ತಾರೆ, ಐವರಿ ಹೊಡಸ್ತಾರೆ ಅಂತ ಹೇಳಿ ಹೇಳಿ ಸಾಕಾಯ್ತು ಮೇಡಂ. ನೀವಾದ್ರೂ ಹೇಳಿ" ಅಂದಳು.

"ನಿನ್ ಗ್ರೇನ ನಿಮ್ಮತ್ತೆ ಮನೇಲಿ ಹೊಡುಸ್ಕೊ" ಎಂದರು ರತ್ನಮ್ಮ. ನನಗೆ ಆ ಕ್ಷಣಕ್ಕೇ ಅವರು ಹಿಡಿಸಿಬಿಟ್ಟರು.

ಮನೆ ನೋಡಲು ಹೋದೆ. ಹಳೆಯ ಕಾಲದ ಮನೆ, ಮುಂದೆ ಜಗಲಿ, ಒಳಗೆ ಇಪ್ಪತ್ತು ಅಡಿ ಉದ್ದದ ದೊಡ್ಡ ನಡುಮನೆ, ಅದರಾಚೆ ಅಡುಗೆಮನೆ. ನೆಲಕ್ಕೆ ರೆಡ್ ಆಕ್ಸೈಡ್, ಮೇಲೆ ಹಲಸಿನ ತೊಲೆಗಳು. ಗೋಡೆಗಳು ಮಾತ್ರ ಆಸ್ಪತ್ರೆಯಷ್ಟು ಬಿಳಿ. ಕಿಟಕಿಗಳಿಗೆ ನೊಣ ಬರದ ಹಾಗೆ ಸಣ್ಣ ಕಣ್ಣಿನ ಜಾಲರಿ. ಗೋಡೆಯುದ್ದಕ್ಕೂ ತಟ್ಟೆ ಜೋಡಿಸುವ ಸ್ಟ್ಯಾಂಡುಗಳು ಒರಗಿ ಸವೆದ ಗುರುತು. ಆ ನಡುಮನೆಯಲ್ಲಿ ಅಷ್ಟು ವರ್ಷವೂ ಇದ್ದದ್ದು ಜನರಲ್ಲ, ಹುಳುಗಳು. ನಮ್ಮ ಕಡೆ ಹುಳು ಸಾಕುವ ಎಷ್ಟೋ ಮನೆಗಳಲ್ಲಿ ಹೀಗೇ ಇತ್ತು. ಗಾಳಿ ಆಡುವ, ತಂಪಾಗಿರುವ ಕೋಣೆ ಹುಳುವಿಗೆ. ಮನೆಯವರು ಅಡುಗೆಮನೆಯಲ್ಲೋ ಜಗಲಿಯಲ್ಲೋ ಮಲಗುವುದು. ಈಗ ರತ್ನಮ್ಮನ ಗಂಡ ಗಂಗಣ್ಣ ಹಿತ್ತಲಲ್ಲಿ ಬೇರೆ ಹುಳು ಮನೆ ಕಟ್ಟಿಸಿದ್ದರು. ನಡುಮನೆ ಕೊನೆಗೂ ಖಾಲಿಯಾಗಿತ್ತು.

ಗಂಗಣ್ಣ ಮಾತು ಕಡಿಮೆಯ ಮನುಷ್ಯ. ಹುಳುವಿನ ವಿಷಯದಲ್ಲಿ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರು ಪಡೆದವರು. ಬಣ್ಣದ ವಿಷಯ ತೆಗೆದಾಗ ಮಾತ್ರ ಬಾಯಿ ಬಿಟ್ಟರು.

"ನಮ್ಮನೆ ಏನ್ ಗುಡೀನಾ? ಬಿಳೀದು ಹೊಡ್ದು ಬುಡಿ, ನೀಟಾಗಿರ್ತದೆ. ಒಪ್ಪುವೀಳ್ಯಕ್ಕೆ ಮಾಗಡೀಲಿ ಛತ್ರ ಮಾಡ್ತೀನಿ ಅಂದ್ರೆ ಇವಳು ಕೇಳಾಕಿಲ್ಲ."

ಒಪ್ಪುವೀಳ್ಯವೆಂದರೆ ಪವಿತ್ರಾಳ ನಿಶ್ಚಿತಾರ್ಥ. ದಿನ ಗೊತ್ತಾಗಿತ್ತು. ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಾ ರತ್ನಮ್ಮ ನನಗೆ ವಿಷಯವನ್ನೆಲ್ಲ ಹೇಳಿದರು.

"ನಾನು ಈ ಮನೆಗ್ ಬಂದ ದಿನಾನೂ ನಡುಮನೆ ತುಂಬ ಹುಳ ಇದ್ವು ಕಣವ್ವ. ಅವತ್ತಿಂದ ಬಂದೋರ್ನೆಲ್ಲ ಜಗಲಿ ಮೇಲೇ ಕೂರ್ಸಿ ಕಳ್ಸಿವ್ನಿ. ನಮ್ಮವ್ವ ಬಂದಾಗ್ಲೂ ಜಗಲೀಲೇ ಉಂಡು ಹೋದ್ಲು, ಈಗ ಅವಳಿಲ್ಲ. ಬೀಗ್ರನ್ನ ಒಳಗೆ ಕೂರುಸ್ಬೇಕು. ಛತ್ರದಲ್ಲಿ ಕೂರ್ಸಕ್ಕೆ ನಾನ್ಯಾಕೆ ಬೇಕು, ಛತ್ರದೋರೇ ಕೂರುಸ್ತಾರೆ."

ಇಷ್ಟು ಸ್ಪಷ್ಟವಾಗಿ ತಮಗೇನು ಬೇಕೆಂದು ಹೇಳುವ ಗ್ರಾಹಕರು ನನಗೆ ಅಪರೂಪ. ಬೆಂಗಳೂರಿನಿಂದ ಬಂದು ತೋಟದ ಮನೆ ಕಟ್ಟಿಸುವವರು ಮೊಬೈಲಿನಲ್ಲಿ ನೂರು ಫೋಟೊ ತೋರಿಸುತ್ತಾರೆ, ಬೇಕಾದದ್ದು ಯಾವುದು ಎಂದರೆ ಅವರಿಗೇ ಗೊತ್ತಿರುವುದಿಲ್ಲ. ಈ ಕೆಲಸ ನಾನು ಮಾಡೇ ಮಾಡುತ್ತೇನೆ ಎಂದು ಅಲ್ಲೇ ಮಾತು ಕೊಟ್ಟೆ.

ಗಾಢ ಚಿನ್ನದ ಬಣ್ಣಕ್ಕೆ ಕೆಲವು ಕಟ್ಟುಪಾಡುಗಳಿವೆ, ಇಲ್ಲಿ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲನೆಯದು, ಶೇಡ್ ಕಾರ್ಡಿನ ಬೆರಳಗಲದ ಚೌಕವನ್ನು ನಂಬಬಾರದು. ಗೋಡೆ ತುಂಬಿದಾಗ ಈ ಬಣ್ಣ ಎರಡರಷ್ಟು ಗಾಢವಾಗಿ ಕಾಣುತ್ತದೆ. ಹಾಗಾಗಿ ನಾಲ್ಕೂ ಗೋಡೆಗೆ ಹೊಡೆದರೆ ಮನುಷ್ಯರಿಗೆ ಉಸಿರು ಕಟ್ಟುತ್ತದೆ. ಎರಡು ಗೋಡೆಗೆ ಇದು, ಉಳಿದ ಎರಡಕ್ಕೆ ಕೆನೆ ಬಣ್ಣ. ಹಳದಿ ಜಾತಿಯ ಬಣ್ಣಗಳು ಕೆಳಗಿರುವುದನ್ನು ಸುಲಭಕ್ಕೆ ಮುಚ್ಚುವುದಿಲ್ಲ. ಬಿಳಿ ಪ್ರೈಮರ್ ಮೇಲೆ ನೇರ ಹೊಡೆದರೆ ನಾಲ್ಕು ಕೋಟ್ ಆದರೂ ತೇಪೆ ತೇಪೆ. ಪ್ರೈಮರ್ ಅಂದರೆ ಗೋಡೆಗೆ ಮೊದಲು ಹಚ್ಚುವ ತಳದ ಲೇಪ, ಅದಕ್ಕೇ ಒಂದಿಷ್ಟು ಕಾವಿ ಬಣ್ಣ ಬೆರೆಸಿಕೊಳ್ಳಬೇಕು. ಇನ್ನು ಬೆಳಕು. ಬೆಳ್ಳನೆಯ ಟ್ಯೂಬ್‌ಲೈಟಿನ ಕೆಳಗೆ ಚಿನ್ನದ ಬಣ್ಣ ಹಸಿರಿಗೆ ತಿರುಗಿ ಕಾಮಾಲೆ ಬಂದವರ ಹಾಗೆ ಕಾಣುತ್ತದೆ. ಸ್ವಲ್ಪ ಹಳದಿ ಛಾಯೆಯ ವಾರ್ಮ್ ಬಲ್ಬು ಹಾಕಿದರೆ ಜೀವ ಬರುತ್ತದೆ. ರತ್ನಮ್ಮನ ಮನೆಯಲ್ಲಿ ಕೆಂಪು ನೆಲವೂ ಕಂದು ತೊಲೆಯೂ ಮೊದಲೇ ಇದ್ದವು, ನನ್ನ ಅರ್ಧ ಕೆಲಸ ಹಿರಿಯರೇ ಮಾಡಿಟ್ಟಿದ್ದರು.

ಒಂದು ಬೆಳೆ ಗೂಡು ಮಾರುಕಟ್ಟೆಗೆ ಹೋಗಿ ಮುಂದಿನ ಬೆಳೆಯ ಹುಳು ಬರುವುದಕ್ಕೆ ನಡುವೆ ಬಿಡುವಿರುತ್ತದೆ. ಪೇಂಟಿನ ವಾಸನೆ ಹುಳುವಿಗೆ ಆಗದು. ವಾಸನೆ ಬಡಿದರೆ ಸೊಪ್ಪು ತಿನ್ನುವುದನ್ನು ಬಿಟ್ಟು ತಲೆ ಎತ್ತಿಕೊಂಡು ಕೂತುಬಿಡುತ್ತವೆ. ಆದ್ದರಿಂದ ಕೆಲಸವನ್ನೆಲ್ಲ ಆ ಬಿಡುವಿನಲ್ಲೇ ಮುಗಿಸುವುದು ಎಂದಾಯಿತು. ನನ್ನ ಜೊತೆ ಹತ್ತಾರು ವರ್ಷಗಳಿಂದ ಇರುವ ಚನ್ನಪಟ್ಟಣದ ಶಫಿ ಮೇಸ್ತ್ರಿ ತಮ್ಮ ತಂಡ ತಂದರು. ಪದರ ಪದರವಾಗಿ ಕೂತಿದ್ದ ಸುಣ್ಣವನ್ನು ಕೆರೆದು, ಗೋಡೆ ಸಮ ಮಾಡುವ ಪುಟ್ಟಿ ಮೆತ್ತಿ, ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹಚ್ಚಿದೆವು. ಪಡುವಣ ಗೋಡೆಯ ಮೇಲೆ ಮುಂಬಾಗಿಲ ಬೆಳಕು ಬಿದ್ದಾಗ ರತ್ನಮ್ಮ ಅಡುಗೆಮನೆ ಕೆಲಸ ಬಿಟ್ಟು ಬಂದರು. ಗೋಡೆಯ ಮುಂದೆ ನಿಂತು ನೋಡಿದರು, ಆಮೇಲೆ ಎಲ್ಲರಿಗೂ ಪಾಯಸ ಮಾಡಿ ಬಡಿಸಿದರು. ನಾನು ಬೀಗುತ್ತಾ ರಾಮನಗರಕ್ಕೆ ವಾಪಸು ಬಂದೆ.

ಆ ವಾರವೇ ಒಂದು ಬೆಳಿಗ್ಗೆ ಪವಿತ್ರಾ ಫೋನ್ ಮಾಡಿದಳು. "ಮೇಡಂ, ಅಪ್ಪ ಗೋಡೆಗೆ ಬ್ಲೀಚಿಂಗ್ ಹೊಡೆದ್ಬುಟ್ರು."

ನನಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿಸಿದೆ. ಅದೇ ಮಾತು.

ಹುಳು ಸಾಕುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಒಂದು ಬೆಳೆ ಮುಗಿದು ಮುಂದಿನ ಹುಳು ಬರುವ ಮುಂಚೆ ಹುಳು ಇದ್ದ ಜಾಗವನ್ನು ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣ ಕಲೆಸಿದ ನೀರಿನಿಂದ ಗೋಡೆ, ನೆಲ, ಸೂರು ಬಿಡದೆ ತೊಳೆಯುತ್ತಾರೆ. ಹಳೆಯ ಬೆಳೆಯ ರೋಗ ಹೊಸ ಹುಳುವಿಗೆ ಹತ್ತಬಾರದು ಎಂದು. ಅದನ್ನು ಬಿಟ್ಟರೆ ಬೆಳೆ ಕೆಟ್ಟಿತೆಂದೇ ಲೆಕ್ಕ. ಗಂಗಣ್ಣ ತಮ್ಮ ಬೆಳೆ ಎಂದೂ ಕೆಡಿಸಿಕೊಂಡವರಲ್ಲ. ಆ ದಿನ ಬೆಳಿಗ್ಗೆ ಬೆನ್ನಿಗೆ ಸ್ಪ್ರೇಯರ್ ಏರಿಸಿ ಹಿತ್ತಲ ಹುಳು ಮನೆ ತೊಳೆದಿದ್ದಾರೆ. ಕ್ಯಾನಿನಲ್ಲಿ ಇನ್ನೂ ನೀರು ಉಳಿದಿತ್ತು. ಹಿಂಬಾಗಿಲಿಂದ ಒಳಗೆ ಬಂದು, ಮದುವೆಯಾದಾಗಿನಿಂದ ಪ್ರತಿ ಬೆಳೆಗೂ ಮಾಡಿದ ಹಾಗೆ, ನಡುಮನೆಗೂ ಹೊಡೆದಿದ್ದಾರೆ.

ಶಫಿ ಮೇಸ್ತ್ರಿಯನ್ನೂ ಅವರ ತಂಡವನ್ನೂ ಕರೆದುಕೊಂಡು ಹೋಗಿ ನೋಡಿದೆ. ಸೂರಿನಿಂದ ನೆಲದವರೆಗೆ ಬಿಳಿ ಬಿಳಿ ಸೋರಿಕೆ. ನಡುನಡುವೆ ಬಣ್ಣ ಸತ್ತು ಮಾಸಲು ತೇಪೆಗಳು. ಪೇಂಟು ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಆ ಹಸಿ ಪದರಕ್ಕೆ ಕ್ಲೋರಿನ್ನೂ ಸುಣ್ಣವೂ ಒಟ್ಟಿಗೆ ಬಿದ್ದಿದ್ದವು. ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ. ಗಂಗಣ್ಣ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಸ್ಪ್ರೇಯರನ್ನು ಇನ್ನೂ ಬೆನ್ನಿಂದ ಇಳಿಸಿರಲಿಲ್ಲ.

"ಕೈ ತಾನಾಗಿ ಹೋಯ್ತು ಕಣಮ್ಮ. ಅರ್ಧ ಗೋಡೆ ಆದ್ಮೇಲೇ ಬಣ್ಣ ಕಣ್ಣಿಗ್ ಬಿದ್ದಿದ್ದು. ಅಷ್ಟೊತ್ಗೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಅರ್ಧ ಗೋಡೆಗೆ ಕಂಡಿದ್ದರೆ ಇನ್ನರ್ಧ ಯಾಕೆ ಹೊಡೆದಿರಿ ಎಂದು ಕೇಳಿದೆ. ಅರ್ಧಕ್ಕೆ ಬಿಟ್ಟರೆ ರೋಗ ಉಳಿಯುತ್ತದಲ್ಲ ಎಂದರು. ಆ ಸಿಟ್ಟಿನಲ್ಲೂ ನನಗೆ ನಗು ಬರುವುದರಲ್ಲಿತ್ತು. ಶಫಿ ಮೇಸ್ತ್ರಿ ಮಾತ್ರ ಹಣೆ ಹಣೆ ಚಚ್ಚಿಕೊಂಡು ಆಚೆ ಹೋದರು.

ಈಗ ಸಮಸ್ಯೆ ಏನೆಂದರೆ, ಗೋಡೆ ಸರಿ ಮಾಡಲು ಮತ್ತೆ ಮೊದಲಿನಿಂದ ಬರಬೇಕು. ತೊಳೆಯಬೇಕು, ಒಣಗಬೇಕು, ಪ್ರೈಮರ್, ಅದು ಒಣಗಬೇಕು, ಆಮೇಲೆ ಎರಡು ಕೋಟ್ ಬಣ್ಣ. ಒಂದು ವಾರಕ್ಕೆ ಕಡಿಮೆ ಇಲ್ಲ. ನಿಶ್ಚಿತಾರ್ಥಕ್ಕೆ ಅಷ್ಟು ಸಮಯವೇನೋ ಇತ್ತು. ಆದರೆ ಮರುದಿನವೇ ಚಾಕಿ ಬರುವುದಿತ್ತು. ಚಾಕಿ ಎಂದರೆ ಮೊಟ್ಟೆಯೊಡೆದು ಆಗಷ್ಟೇ ಒಂದೆರಡು ಜ್ವರ ಕಳೆದ ಎಳೆ ಹುಳು. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಡುಮನೆಯ ಹಿಂಬಾಗಿಲಿಗೂ ಹುಳು ಮನೆಗೂ ನಡುವೆ ಒಂದು ಸಣ್ಣ ಅಂಗಳ ಅಷ್ಟೇ, ಗಾಳಿ ಬೀಸುವುದೂ ಅತ್ತಲೇ. ವಾಸನೆ ಇಲ್ಲದ ಪೇಂಟ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಮನುಷ್ಯರ ಮೂಗಿಗೆ ಅದು ನಿಜ, ಎಳೆ ಹುಳುವಿನ ವಿಷಯದಲ್ಲಿ ನಾನು ಜವಾಬ್ದಾರಿ ತೆಗೆದುಕೊಳ್ಳಲಾರೆ. ಹುಳು ಬಂದರೆ ಗೋಡೆಯಿಲ್ಲ, ಗೋಡೆ ಬೇಕಾದರೆ ಹುಳುವಿಲ್ಲ. ಇದನ್ನು ಮೂವರಿಗೂ ಬಿಡಿಸಿ ಹೇಳಿದೆ.

ರತ್ನಮ್ಮ ಅಡುಗೆಮನೆ ಬಾಗಿಲಿಗೆ ಒರಗಿ ಕೇಳಿಸಿಕೊಂಡರು. ಕಣ್ಣಲ್ಲಿ ಒಂದು ಹನಿ ಇಲ್ಲ.

"ಬುಡವ್ವ. ಹುಳ ಬರ್ಲಿ. ಆಗೋದಾದ್ರೆ ಈಗ್ಲೇ ಒಂದ್ಸಲ ಬಿಳೀದು ಬಳುದ್ಬುಡಿ, ಆಗ್ದಿದ್ರೆ ಹಂಗೇ ಇರ್ಲಿ. ಒಪ್ಪುವೀಳ್ಯ ಛತ್ರದಲ್ಲೇ ಆಗ್ಲಿ" ಎಂದು ಒಳಗೆ ಹೋಗಿ ಸಾರಿಗೆ ಉಪ್ಪು ಹಾಕತೊಡಗಿದರು.

ಗೋಡೆ ನೋಡಿದಾಗ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಮಾತಿಗೆ ಬಂತು. ಅವರು ಜಗಳ ಮಾಡಿದ್ದರೆ, ಅತ್ತಿದ್ದರೆ, ಗಂಡನಿಗೆ ನಾಲ್ಕು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಎಷ್ಟು ಸಲ ಹೀಗೆ "ಬುಡು" ಅಂದು ಅಂದು ಆ ಹೆಂಗಸಿಗೆ ರೂಢಿಯಾಗಿರಬೇಕು! ನಾನು ಹೊರಗಿನವಳು, ಬಣ್ಣ ಹೊಡೆಸಲು ಬಂದವಳು, ಮನೆಯ ಮಾತಿನಲ್ಲಿ ತಲೆ ಹಾಕುವುದು ನನ್ನ ಕೆಲಸವಲ್ಲ. ಆದರೂ ಗಂಗಣ್ಣನ ಮುಂದೆ ಹೋಗಿ ನಿಂತೆ.

"ಗಂಗಣ್ಣ, ಹುಳು ಇನ್ನೊಂದು ತಿಂಗಳಿಗೂ ಬರ್ತವೆ, ಬೀಗರು ಬರೋದು ಒಂದೇ ಸಲ. ಈ ನಡುಮನೆಯಲ್ಲಿ ತಮ್ಮ ತಾಯೀನ ಕೂರ್ಸಕ್ಕೆ ಆಗ್ಲಿಲ್ಲ ಅಂತ ನಿಮ್ಮ ಹೆಂಡ್ತಿ ನನ್ನ ಹತ್ರ ಹೇಳಿದ್ರು. ನಿಮ್ಮ ಹತ್ರ ಯಾವತ್ತಾದ್ರೂ ಹೇಳಿದ್ರಾ?"

ಅವರು ಸ್ಪ್ರೇಯರ್ ಇಳಿಸಿಟ್ಟು ಹಿಪ್ಪುನೇರಳೆ ತೋಟದ ಕಡೆ ನಡೆದರು. ಬಾಯಿ ಸುಮ್ಮನಿರದೆ ಕೆಲಸ ಕಳೆದುಕೊಂಡೆ ಎಂದೇ ನಾನು ಅಂದುಕೊಂಡೆ. ಶಫಿ ಮೇಸ್ತ್ರಿ ಏಣಿ ಗಾಡಿಗೆ ಹೇರಿಸಲೇ ಎಂದು ಕೇಳಿದರು. ಊಟದ ಹೊತ್ತಾಗಿತ್ತು, ರತ್ನಮ್ಮ ನಮಗೆಲ್ಲ ಮುದ್ದೆ ಬಡಿಸಿದರು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಗಂಗಣ್ಣ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಮಾತಾಡುತ್ತಿರುವುದು ಕೇಳಿಸಿತು. ಚಾಕಿ ಸಾಕುವ ಕೇಂದ್ರದವರ ಜೊತೆ.

"ಈ ಸಲ ನಮ್ಗೆ ಬ್ಯಾಡ ಕಣಪ್ಪ. ಪಕ್ಕದ ತೋಟದೋರಿಗೆ ಕೊಟ್ಬುಡಿ, ಸೊಪ್ಪೂ ನಮ್ದೇ ಕುಯ್ಕೊಳ್ಳಿ ಅಂದಿವ್ನಿ. ರೋಗ ಏನಿಲ್ಲ, ಸುಮ್ಕಿರು... ಈ ಸಲ ನಮ್ಮನೇಲಿ ಜನ ಇರ್ತಾರೆ."

ಆ ಮಾತು ಕೇಳಿದ ಮೇಲೆ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಬೆಳೆ ಬಿಡುವುದು ಆ ಮನುಷ್ಯನಿಗೆ ಎಷ್ಟು ದೊಡ್ಡದು ಎಂದು ಬೇಸಾಯದ ಮನೆಯಲ್ಲಿ ಹುಟ್ಟಿದ ನನಗೆ ಗೊತ್ತು. ಅವರು ಒಳಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳಲೂ ಇಲ್ಲ. "ಒಸಿ ಸಾರು ಹಾಕಮ್ಮಿ" ಎಂದು ತಟ್ಟೆ ಮುಂದೆ ಕೂತರು. ವಿಷಯ ಹೇಳಿದ್ದು ನಾನು. ರತ್ನಮ್ಮ ಸೌಟು ಹಿಡಿದುಕೊಂಡೇ ಗಂಡನ ಮುಖ ನೋಡಿದರು, "ಹುಚ್ಚು" ಅಂದರು, ಸಾರು ಬಡಿಸಿದರು.

ಮಧ್ಯಾಹ್ನವೇ ಕೆಲಸ ಶುರು. ಈ ಸಲ ನಾನು ಬಣ್ಣವನ್ನೇ ಬದಲಾಯಿಸಲು ನಿರ್ಧರಿಸಿದೆ. ಹಳದಿ ಬಣ್ಣ ತರುವ ಪುಡಿಗಳಲ್ಲಿ, ಅಂದರೆ ಪಿಗ್ಮೆಂಟುಗಳಲ್ಲಿ, ಎರಡು ಬಗೆ. ಒಂದು ಆರ್ಗ್ಯಾನಿಕ್, ನೋಡಲು ಚುರುಕು, ಆದರೆ ಸುಣ್ಣಕ್ಕೂ ಕ್ಲೋರಿನ್ನಿಗೂ ಹೆದರುತ್ತದೆ. ಇನ್ನೊಂದು ಐರನ್ ಆಕ್ಸೈಡ್, ಕಬ್ಬಿಣದ ಅಂಶದಿಂದ ಬರುವ ಮಣ್ಣಿನ ಹಳದಿ. ಅದಕ್ಕೆ ಚುರುಕಿಲ್ಲ, ಆದರೆ ಸುಲಭಕ್ಕೆ ಜಗ್ಗುವುದಿಲ್ಲ. ಮೊದಲ ಸಲ ಎರಡನ್ನೂ ಸೇರಿಸಿದ್ದೆ, ಯಾವ ಮನೆಯಲ್ಲೂ ಅದೇ ಮಾಡುತ್ತಿದ್ದೆ. ಈಗ ಪೂರ್ತಿ ಆಕ್ಸೈಡ್ ಎಂದೆ. ಹಳದಿ ಆಕ್ಸೈಡಿಗೆ ಚೂರು ಕೆಂಪು ಆಕ್ಸೈಡ್. ಗಂಗಣ್ಣನ ಕೈ ಇನ್ನೊಮ್ಮೆ ತಾನಾಗಿ ಹೋಗುವುದಿಲ್ಲ ಎಂದು ಯಾರು ಹೇಳಬಲ್ಲರು?

ಶಫಿ ಮೇಸ್ತ್ರಿ ತಲೆ ಆಡಿಸಿದರು. "ಮೇಡಂ, ಇದು ಮಣ್ಣು ಮೆತ್ತಿದಂಗೆ ಬರುತ್ತೆ. ನನ್ ಹೆಸರು ಹೋಗುತ್ತೆ."

"ನಿಮ್ಮ ಹೆಸರು ನನ್ನ ಹೆಸರಿನ ಜೊತೆಗೇ ಹೋಗ್ಲಿ, ಹೊಡೀರಿ" ಎಂದೆ.

ಗೋಡೆಯನ್ನು ಸಿಹಿ ನೀರಿನಲ್ಲಿ ಮತ್ತೆ ಮತ್ತೆ ತೊಳೆಸಿದೆ. ಕಪ್ಪು ಬಟ್ಟೆಯಿಂದ ಒರೆಸಿದರೆ ಬಿಳಿ ಪುಡಿ ಹತ್ತಬಾರದು, ಅಲ್ಲಿಯವರೆಗೆ. ಚೆನ್ನಾಗಿ ಒಣಗಲು ಬಿಟ್ಟು, ಸುಣ್ಣ ತಡೆಯುವ ಆಲ್ಕಲಿ ರೆಸಿಸ್ಟೆಂಟ್ ಪ್ರೈಮರ್ ಹೊಡೆಸಿದೆ, ಅದಕ್ಕೆ ಕಾವಿ ಬೆರೆಸಿ. ಮೊದಲ ಕೋಟ್ ಹಚ್ಚಿದಾಗ ಶಫಿ ಹೇಳಿದ್ದೇ ನಿಜವಾಯಿತು. ಗೋಡೆ ಸಗಣಿ ಬಳಿದ ಹಾಗೆ ಕಂಡಿತು. ಪವಿತ್ರಾ ನನ್ನ ಮುಖ ನೋಡುವುದನ್ನೇ ಬಿಟ್ಟಳು. ಗಂಗಣ್ಣ ಒಂದು ಸುತ್ತು ಬಂದು, "ಹುಳ ಬುಟ್ಟಿದ್ದು ಇದುಕ್ಕಾ?" ಎಂದರು. ನಾನು ಗಟ್ಟಿ ಮುಖ ಮಾಡಿಕೊಂಡು, ಎರಡನೇ ಕೋಟ್ ಆಗಲಿ ಎಂದೆ. ಒಳಗೊಳಗೇ ನನಗೂ ಅಳುಕಿತ್ತು, ಆದರೆ ಲೆಕ್ಕ ತಪ್ಪಿಲ್ಲ ಎಂಬ ನಂಬಿಕೆಯೂ ಇತ್ತು.

ಎರಡನೇ ಕೋಟ್ ಒಣಗಿದ ಮೇಲೆ ಟ್ಯೂಬ್‌ಲೈಟ್ ಬಿಚ್ಚಿಸಿ ವಾರ್ಮ್ ಬಲ್ಬು ಹಾಕಿಸಿದೆ. ಕಿಟಕಿಯ ಜಾಲರಿ ತೆಗೆಸಿದೆ, ನೊಣ ಹುಳುವಿಗೆ ಶತ್ರು, ಇನ್ನು ಅಲ್ಲಿ ಅದಕ್ಕೆ ಹೆದರುವವರು ಯಾರೂ ಇಲ್ಲ. ನೆಲಕ್ಕೆ ಎಣ್ಣೆ ಬಟ್ಟೆಯಲ್ಲಿ ಉಜ್ಜಿ ಮೆರುಗು ಕೊಡಿಸಿದೆ. ಮಾರನೆಯ ಬೆಳಿಗ್ಗೆ ಮುಂಬಾಗಿಲು ತೆಗೆದಾಗ ಬಿಸಿಲು ಕೆಂಪು ನೆಲಕ್ಕೆ ಬಿದ್ದು ಗೋಡೆಗೆ ಏರಿತು. ಅಬ್ಬಾ! ಮೊದಲ ಸಲದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಮೊದಲ ಸಲದ್ದು ಹಳದಿಯ ಕಡೆಗಿತ್ತು, ಇದು ನಿಜವಾದ ಗಾಢ ಚಿನ್ನ. ಆಳ ಇತ್ತು, ಶಾಂತಿ ಇತ್ತು. ತೊಲೆಗಳಿಗೂ ನೆಲಕ್ಕೂ ಈ ಗೋಡೆಗೂ ಹಿಂದಿನಿಂದಲೂ ನಂಟಿತ್ತೇನೋ ಅನ್ನಿಸಿತು. ಶಫಿ ಮೇಸ್ತ್ರಿ ಮೊಬೈಲ್ ತೆಗೆದು ಫೋಟೊ ಹೊಡೆದುಕೊಂಡರು, ಈಗಲೂ ಹೊಸ ಗಿರಾಕಿಗಳಿಗೆ ಅದನ್ನು ತೋರಿಸಿ ತಮ್ಮದೇ ಐಡಿಯಾ ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಕೋಣೆಗಳಲ್ಲಿ ಅದೇ ಉತ್ತಮ, ಇದನ್ನು ನಾನೇ ಹೇಳುತ್ತಿದ್ದೇನೆ.

ನಿಶ್ಚಿತಾರ್ಥದ ಹಿಂದಿನ ದಿನ ಒಂದು ಪರೀಕ್ಷೆ ಇಟ್ಟೆ. ಬಾಗಿಲ ಹಿಂದಿನ ಮೂಲೆ ತೋರಿಸಿ, "ಗಂಗಣ್ಣ, ನಿಮ್ಮ ಬ್ಲೀಚಿಂಗ್ ಇಲ್ಲಿ ಒಸಿ ಹೊಡೀರಿ" ಎಂದೆ. ಅವರು ಬೇಡವೇ ಬೇಡ ಎಂದರು. ನಾನು ಬಿಡಲಿಲ್ಲ. ಕೊನೆಗೆ ಬಟ್ಟೆಯಲ್ಲಿ ಅದ್ದಿ, ಹೆದರಿ ಹೆದರಿ ಒಂದು ಗೀಟು ಎಳೆದರು. ಒಣಗಿದ ಮೇಲೆ ಒರೆಸಿ ನೋಡಿದೆವು, ಬಣ್ಣ ಬಣ್ಣವಾಗಿಯೇ ಇತ್ತು. ಗಂಗಣ್ಣ ಮೊದಲ ಸಲ ನನ್ನ ಮುಂದೆ ನಕ್ಕರು. "ಈ ಗೋಡೆಗೆ ಇನ್ ಯಾವ ರೋಗಾನೂ ಬರಾಕಿಲ್ಲ ಬುಡಿ" ಎಂದರು.

ನಿಶ್ಚಿತಾರ್ಥದ ದಿನ ನನ್ನನ್ನೂ ಕರೆದಿದ್ದರು. ನಡುಮನೆ ತುಂಬ ಜಮಖಾನ ಹಾಸಿ ಬೀಗರನ್ನು ಕೂರಿಸಿದ್ದರು. ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಗೋಡೆಯ ಮೇಲೆ ಅಂಗೈ ಆಡಿಸಿ, "ರೇಷ್ಮೆ ಬಣ್ಣ ಕಣ್ರೇ ಇದು, ಯಾರು ಮಾಡಿದ್ದು?" ಎಂದು ಕೇಳಿದರು. ಪವಿತ್ರಾ, ಅದೇ ಗ್ರೇ ಬೇಕೆಂದಿದ್ದ ಪವಿತ್ರಾ, "ನಮ್ಮಮ್ಮ ಆರಿಸಿದ್ದು" ಅಂದಳು. ನನ್ನ ಹೆಸರು ಹೇಳಲಿಲ್ಲವೆಂದು ನನಗೆ ಸ್ವಲ್ಪವೂ ಬೇಜಾರಾಗಲಿಲ್ಲ. ಸರಿ, ಸ್ವಲ್ಪ ಆಯಿತು.

ಎಲೆ ಅಡಿಕೆ ತಟ್ಟೆ ಬದಲಾಯಿಸುವ ಹೊತ್ತು ಬಂತು. ರತ್ನಮ್ಮ ಮಾತ್ರ ಕೂತೇ ಇರಲಿಲ್ಲ. ಅಡುಗೆಮನೆಗೂ ನಡುಮನೆಗೂ ಓಡಾಡುತ್ತಿದ್ದರು, ಪಾನಕ ತರುವುದು, ಮಗುವಿಗೆ ಹಾಲು, ಯಾರಿಗೋ ಬೀಸಣಿಗೆ. ಎಲ್ಲರನ್ನೂ ಒಳಗೆ ಕೂರಿಸಿದ ಆ ಹೆಂಗಸಿಗೆ ತಾನೂ ಕೂರಬಹುದು ಎಂಬುದು ಹೊಳೆದೇ ಇರಲಿಲ್ಲ. ಆಗ ಗಂಗಣ್ಣ, ಅಷ್ಟು ಜನ ನೆಂಟರ ಮುಂದೆ, ಜೋರಾಗಿ ಕರೆದರು.

"ರತ್ನ, ಆ ಲೋಟ ಕೆಳಗಿಕ್ಕು. ಬಾ, ಇಲ್ಲಿ ಕೂತ್ಕೊ. ನಿನ್ ಮನೆ ಇದು."

ರತ್ನಮ್ಮ ಲೋಟ ಹಿಡಿದುಕೊಂಡೇ ನಿಂತರು. ಆಮೇಲೆ ನಿಧಾನವಾಗಿ ಬಂದು, ಆ ಚಿನ್ನದ ಗೋಡೆಗೆ ಬೆನ್ನು ಕೊಟ್ಟು, ಗಂಡನ ಪಕ್ಕದಲ್ಲಿ ಕಾಲು ಮಡಿಸಿ ಕೂತರು. ನನ್ನ ಕಣ್ಣು ತುಂಬಿ ಬಂತು, ಮರೆಮಾಚಲು ಹೋಗಲಿಲ್ಲ. ಆ ಗೋಡೆ ಮಾಡಿದವಳು ನಾನು ಎಂಬ ಹೆಮ್ಮೆ ಅವತ್ತಿನಷ್ಟು ಇನ್ಯಾವತ್ತೂ ನನಗೆ ಆಗಿಲ್ಲ.

ಅಲ್ಲಿಯವರೆಗೆ ನಾನು ಮನೆ ನೋಡಲು ಹೋದರೆ ಕೇಳುತ್ತಿದ್ದ ಮೊದಲ ಪ್ರಶ್ನೆ, ಯಾವ ಬಣ್ಣ ಇಷ್ಟ ಎಂದು. ಆ ಕೆಲಸವಾದ ಮೇಲೆ ಅದನ್ನು ಬದಲಾಯಿಸಿಕೊಂಡೆ. ಗೋಡೆ ಏನು ತಡೆಯುತ್ತದೆ, ಬೆಳಕು ಎಲ್ಲಿಂದ ಬರುತ್ತದೆ, ಇದೆಲ್ಲ ಆಮೇಲೆ. ಈಗ ನಾನು ಮೊದಲು ಮನೆಯ ಹೆಂಗಸನ್ನು ಒಂದು ಪಕ್ಕಕ್ಕೆ ಕರೆದು, "ಈ ಮನೆಯಲ್ಲಿ ನೀವು ಎಲ್ಲಿ ಕೂರ್ತೀರಿ?" ಎಂದು ಕೇಳುತ್ತೇನೆ. ದೊಡ್ಡ ದೊಡ್ಡ ಮನೆಗಳಲ್ಲೂ ಎಷ್ಟೋ ಜನ ಯೋಚಿಸುತ್ತಾ ನಿಂತುಬಿಡುತ್ತಾರೆ. ಅವರು ಒಂದು ಜಾಗ ತೋರಿಸುವವರೆಗೆ ನಾನು ಶೇಡ್ ಕಾರ್ಡ್ ಬಿಚ್ಚುವುದಿಲ್ಲ.